ಹಳೆಯ ಕ್ಯಾಂಪರ್ ವ್ಯಾನ್‌ಗಳ ಹಾರ್ನ್ ದೋಷ ಪತ್ತೆ

ಹಳೆಯ ಕ್ಯಾಂಪರ್ ವ್ಯಾನ್‌ಗಳ ಹಾರ್ನ್ ದೋಷ ಪತ್ತೆ ಎಂಬುದು, ಪ್ರವಾಸ ಮತ್ತು ವಾಸಕ್ಕೆ ಅನುಕೂಲವಾಗುವಂತೆ ರೂಪಿಸಿದ ಹಳೆಯ ವ್ಯಾನುಗಳಲ್ಲಿ ಹಾರ್ನ್ ಮೊಳಗದಿರುವುದು, ಕ್ಷೀಣವಾಗಿ ಮೊಳಗುವುದು ಅಥವಾ ತಾನಾಗಿಯೇ ಮೊಳಗುವುದು ಮೊದಲಾದ ದೋಷಗಳ ಮೂಲವನ್ನು ಕ್ರಮವಾಗಿ ಗುರುತಿಸುವ ವಿಧಾನವಾಗಿದೆ. ಇಂತಹ ಬಹುತೇಕ ವಾಹನಗಳಲ್ಲಿ ಸ್ಟಿಯರಿಂಗ್ ಚಕ್ರದ ಮೇಲಿರುವ ಗುಂಡಿಯು ಹಾರ್ನಿಗೆ ವಿದ್ಯುತ್ತನ್ನು ಪೂರೈಸುವುದಿಲ್ಲ. ಹಾರ್ನಿನ ಮೂಲಕ ಹಾದುಬಂದ ವಿದ್ಯುತ್ತು ವಾಹನದ ಲೋಹದ ಮೈಗೆ ಮರಳುವ ದಾರಿಯನ್ನು ಅದು ಕೂಡಿಸುತ್ತದೆ. ಆದ್ದರಿಂದ ಹಾರ್ನ್ ಮೌನವಾದಾಗ ಹಾರ್ನೇ ಕೆಟ್ಟಿರಬೇಕೆಂದೇನೂ ಇಲ್ಲ. ತುಕ್ಕು ಹಿಡಿದ ಫ್ಯೂಸ್, ಸವೆದ ಸಂಪರ್ಕ ಉಂಗುರ ಅಥವಾ ಸ್ಟಿಯರಿಂಗ್ ಕಂಬದಲ್ಲಿ ಕಡಿದುಹೋದ ಒಂದು ಚಿಕ್ಕ ತಂತಿಯೂ ಅದಕ್ಕೆ ಕಾರಣವಾಗಬಹುದು. ಭಾಗಗಳನ್ನು ಬದಲಾಯಿಸುವ ಮೊದಲು ವೋಲ್ಟೇಜನ್ನು ಹಂತಹಂತವಾಗಿ ಅಳೆಯುವುದು ಈ ವಿಧಾನದ ತಿರುಳು.

ಈ ಲೇಖನದಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಆದರೆ ವಿವರಿಸಿರುವ ತತ್ತ್ವಗಳು ಅದೇ ಕಾಲದ ಇತರ ವ್ಯಾನುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ಹಿನ್ನೆಲೆ

ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ರಬ್ಬರ್ ಗುಳ್ಳೆಯನ್ನು ಹಿಸುಕಿ ಊದುವ ಕೊಂಬುಗಳು ಬಳಕೆಯಲ್ಲಿದ್ದವು. ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ರೂಪಿಸಿದ ಕ್ಲ್ಯಾಕ್ಸನ್ 1908ರ ಸುಮಾರಿಗೆ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಹಲ್ಲುಚಕ್ರವೊಂದು ಲೋಹದ ಬಿಲ್ಲೆಯನ್ನು ಕಂಪಿಸುವಂತೆ ಮಾಡುತ್ತಿತ್ತು. ಜರ್ಮನಿಯ ಬಾಷ್ ಸಂಸ್ಥೆಯು 1921ರಲ್ಲಿ ವಿದ್ಯುತ್ ಹಾರ್ನನ್ನು ಮಾರುಕಟ್ಟೆಗೆ ತಂದಿತು. ವಿದ್ಯುತ್ಕಾಂತದ ನೆರವಿನಿಂದ ಬಿಲ್ಲೆಯನ್ನು ನೇರವಾಗಿ ಕಂಪಿಸುವ ವಿನ್ಯಾಸವೇ ಮುಂದೆ ವ್ಯಾಪಕವಾಗಿ ಬಳಕೆಗೆ ಬಂದಿತು.

ಫೋಕ್ಸ್‌ವ್ಯಾಗನ್ ಟೈಪ್ 2ರ ಉತ್ಪಾದನೆ 1950ರಲ್ಲಿ ವೋಲ್ಫ್ಸ್‌ಬುರ್ಗ್‌ನಲ್ಲಿ ಆರಂಭವಾಗಿ, 1956ರಲ್ಲಿ ಹ್ಯಾನೋವರ್ ಕಾರ್ಖಾನೆಗೆ ಸ್ಥಳಾಂತರಗೊಂಡಿತು. 1951ರಲ್ಲಿ ವೆಸ್ಟ್‌ಫಾಲಿಯಾ ಸಂಸ್ಥೆಯು ಈ ವ್ಯಾನಿನೊಳಗೆ ಕೂಡಿಸಬಹುದಾದ ವಾಸದ ಸಾಮಗ್ರಿಯನ್ನು ಸಿದ್ಧಪಡಿಸಿತು. 1967ರಲ್ಲಿ ಎರಡನೆಯ ತಲೆಮಾರು, 1979ರಲ್ಲಿ ಮೂರನೆಯ ತಲೆಮಾರು ಬಂದವು. ಎರಡನೆಯ ತಲೆಮಾರಿನ ವಿನ್ಯಾಸ ಬ್ರೆಜಿಲ್‌ನಲ್ಲಿ 2013ರವರೆಗೂ ಉತ್ಪಾದನೆಯಲ್ಲಿತ್ತು. ಅನೇಕ ದಶಕ ಹಳೆಯದಾದ ಇಂತಹ ವ್ಯಾನುಗಳು ಇಂದಿಗೂ ರಸ್ತೆಯಲ್ಲಿರುವುದರಿಂದ, ಅವುಗಳ ಮೂಲ ವಿದ್ಯುತ್ ತಂತಿಗಳ ಮುಪ್ಪು ಮಾಲೀಕರು ಎದುರಿಸುವ ಸಾಮಾನ್ಯ ಸಮಸ್ಯೆಯಾಗಿದೆ.

ಹಾರ್ನಿನ ರಚನೆ ಮತ್ತು ಕಾರ್ಯ

ಸಾಮಾನ್ಯ ಬಿಲ್ಲೆ ಹಾರ್ನಿನೊಳಗೆ ತಾಮ್ರದ ಸುರುಳಿಯುಳ್ಳ ವಿದ್ಯುತ್ಕಾಂತ, ಡಯಾಫ್ರಮ್ ಎಂಬ ತೆಳುವಾದ ಉಕ್ಕಿನ ಬಿಲ್ಲೆ ಮತ್ತು ಒಂದು ಜೊತೆ ಸಂಪರ್ಕ ಬಿಂದುಗಳು ಇರುತ್ತವೆ. ವಿದ್ಯುತ್ತು ಹರಿದಾಗ ವಿದ್ಯುತ್ಕಾಂತವು ಬಿಲ್ಲೆಯನ್ನು ಸೆಳೆಯುತ್ತದೆ. ಬಿಲ್ಲೆ ಒಳಸರಿದಾಗ ಸಂಪರ್ಕ ಬಿಂದುಗಳು ಬೇರ್ಪಟ್ಟು ವಿದ್ಯುತ್ತು ನಿಲ್ಲುತ್ತದೆ. ಆಗ ಬಿಲ್ಲೆ ಹಿಂದಕ್ಕೆ ಚಿಮ್ಮಿ ಬಿಂದುಗಳು ಮತ್ತೆ ಕೂಡುತ್ತವೆ. ಈ ಕ್ರಿಯೆ ಸೆಕೆಂಡಿಗೆ ನೂರಾರು ಬಾರಿ ಪುನರಾವರ್ತನೆಯಾಗುವುದರಿಂದ ಧ್ವನಿ ಹೊರಡುತ್ತದೆ.

12 ವೋಲ್ಟ್‌ನ ಒಂದು ಹಾರ್ನ್ ಸಾಮಾನ್ಯವಾಗಿ ಕೆಲವು ಆಂಪಿಯರ್‌ಗಳಷ್ಟು ವಿದ್ಯುತ್ತನ್ನು ಸೆಳೆಯುತ್ತದೆ. ವಾಹನದ ಒಂದು ಸಣ್ಣ ದೀಪಕ್ಕೆ ಹೋಲಿಸಿದರೆ ಇದು ಹತ್ತುಪಟ್ಟಿನಷ್ಟಿರಬಹುದು. ದೋಷ ಪತ್ತೆಯಲ್ಲಿ ಈ ವ್ಯತ್ಯಾಸಕ್ಕೆ ಮಹತ್ವವಿದೆ. ದೀಪವನ್ನು ಉರಿಸಲು ಸಾಕಾಗುವ ಸಂಪರ್ಕವು ಹಾರ್ನನ್ನು ಮೊಳಗಿಸಲು ಸಾಲದಿರಬಹುದು.

ವಿದ್ಯುತ್ ಮಂಡಲ

ಟೈಪ್ 2ರಲ್ಲಿ ಬ್ಯಾಟರಿ ಹಿಂಭಾಗದ ಎಂಜಿನ್ ಕೋಣೆಯಲ್ಲಿದ್ದು, ಹಾರ್ನ್ ವಾಹನದ ಮುಂತುದಿಯಲ್ಲಿ ನೆಲಹಾಸಿನ ಕೆಳಗೆ ಇರುತ್ತದೆ. ಹೀಗಾಗಿ ವಿದ್ಯುತ್ತು ವಾಹನದ ಪೂರ್ಣ ಉದ್ದವನ್ನು ಕ್ರಮಿಸಿ ಮುಂದೆ ಬರಬೇಕು ಮತ್ತು ಲೋಹದ ಮೈಯ ಮೂಲಕ ಅಷ್ಟೇ ದೂರ ಹಿಂದಿರುಗಬೇಕು. ಮಂಡಲವನ್ನು ಎರಡು ಭಾಗಗಳಾಗಿ ನೋಡಬಹುದು.

ಪೂರೈಕೆ ಭಾಗ: ಬ್ಯಾಟರಿಯ ಧನ ತುದಿಯಿಂದ ಇಗ್ನಿಷನ್ ಸ್ವಿಚ್ ಮತ್ತು ಫ್ಯೂಸ್ ಪೆಟ್ಟಿಗೆಯ ಮೂಲಕ ಹಾರ್ನಿನ ಮೊದಲ ತುದಿಯವರೆಗೆ. ಹಲವು ಮಾದರಿಗಳಲ್ಲಿ ಇಗ್ನಿಷನ್ ಕೀಲಿಯನ್ನು ತಿರುಗಿಸದೆ ಹಾರ್ನಿಗೆ ವಿದ್ಯುತ್ತು ಬರುವುದಿಲ್ಲ.

ಮರಳುವ ಭಾಗ: ಹಾರ್ನಿನ ಎರಡನೆಯ ತುದಿಯಿಂದ ಸ್ಟಿಯರಿಂಗ್ ಕಂಬದ ಬಳಿಗೆ, ಅಲ್ಲಿಂದ ಗುಂಡಿಗೆ, ಗುಂಡಿಯನ್ನು ಒತ್ತಿದಾಗ ವಾಹನದ ಮೈಗೆ, ಕೊನೆಗೆ ಬ್ಯಾಟರಿಯ ಋಣ ತುದಿಗೆ. ವಾಹನದ ಮೈಗೆ ಸೇರುವ ಈ ಸಂಪರ್ಕವನ್ನು ರೂಢಿಯಲ್ಲಿ ಅರ್ತ್ ಎನ್ನಲಾಗುತ್ತದೆ. ಜರ್ಮನ್ ವಾಹನಗಳಲ್ಲಿ ಅರ್ತ್ ತಂತಿಗೆ ಸಾಮಾನ್ಯವಾಗಿ ಕಂದು ಬಣ್ಣವಿರುತ್ತದೆ. ವಿದ್ಯುತ್ ನಕ್ಷೆಗಳಲ್ಲಿ ಬ್ಯಾಟರಿಯ ನೇರ ಪೂರೈಕೆಯನ್ನು 30, ಇಗ್ನಿಷನ್ ಮೂಲಕ ಬರುವ ಪೂರೈಕೆಯನ್ನು 15 ಮತ್ತು ಅರ್ತನ್ನು 31 ಎಂಬ ಸಂಖ್ಯೆಗಳಿಂದ ಸೂಚಿಸುತ್ತಾರೆ.

ಈ ವ್ಯವಸ್ಥೆಯಿಂದ ಒಂದು ಮುಖ್ಯ ಪರಿಣಾಮ ಉಂಟಾಗುತ್ತದೆ. ಇಗ್ನಿಷನ್ ಚಾಲೂ ಇರುವಾಗ, ಗುಂಡಿಯನ್ನು ಒತ್ತದಿದ್ದರೂ ಹಾರ್ನಿನ ಎರಡೂ ತುದಿಗಳಲ್ಲಿ ವೋಲ್ಟೇಜ್ ಇರುತ್ತದೆ. ಪೂರೈಕೆಯ ತಂತಿ ವಾಹನದ ಮೈಗೆ ತಗುಲಿದರೆ ಫ್ಯೂಸ್ ಸುಡುತ್ತದೆ. ಹಾರ್ನಿನಿಂದ ಗುಂಡಿಗೆ ಹೋಗುವ ತಂತಿ ಮೈಗೆ ತಗುಲಿದರೆ ಫ್ಯೂಸ್ ಸುಡುವುದಿಲ್ಲ, ಬದಲಾಗಿ ಹಾರ್ನ್ ಮೊಳಗುತ್ತದೆ; ಏಕೆಂದರೆ ಹಾರ್ನಿನ ಸುರುಳಿಯೇ ವಿದ್ಯುತ್ತಿಗೆ ಮಿತಿ ಹಾಕುತ್ತದೆ. ಹೀಗೆ ದೋಷದ ಲಕ್ಷಣವೇ ದೋಷವು ಹಾರ್ನಿನ ಯಾವ ಪಕ್ಕದಲ್ಲಿದೆ ಎಂಬುದನ್ನು ಸೂಚಿಸುತ್ತದೆ.

ಎಲ್ಲ ವ್ಯಾನುಗಳಲ್ಲೂ ಇದೇ ವ್ಯವಸ್ಥೆ ಇರುವುದಿಲ್ಲ. ಹಾರ್ನಿಗೆ ಒಂದೇ ತಂತಿ ಬಂದು, ಅದನ್ನು ಹಿಡಿದಿರುವ ಲೋಹದ ಪಟ್ಟಿಯೇ ಅರ್ತ್ ಆಗಿರುವ ವಾಹನಗಳಿವೆ. ಕೆಲವು ವಾಹನಗಳಲ್ಲಿ ಗುಂಡಿಯು ರಿಲೇಯನ್ನು ಮಾತ್ರ ಚಾಲೂ ಮಾಡುತ್ತದೆ. ಆದ್ದರಿಂದ ಪರೀಕ್ಷೆಗೆ ಮೊದಲು ಆಯಾ ಮಾದರಿ ಮತ್ತು ವರ್ಷದ ವಿದ್ಯುತ್ ನಕ್ಷೆಯನ್ನು ನೋಡುವುದು ಅಗತ್ಯ.

ದೋಷದ ಲಕ್ಷಣಗಳು

• ಸಂಪೂರ್ಣ ಮೌನ: ಸುಟ್ಟ ಫ್ಯೂಸ್, ಕಡಿದ ತಂತಿ, ಅರ್ತ್ ಸಂಪರ್ಕದ ಕೊರತೆ ಅಥವಾ ಹಾರ್ನಿನೊಳಗೆ ಕಡಿದ ಸುರುಳಿ.
• ಒಂದೇ ಒಂದು ಟಿಕ್ ಸದ್ದು: ಬಿಲ್ಲೆ ಸೆಳೆಯಲ್ಪಟ್ಟರೂ ಕಂಪಿಸುತ್ತಿಲ್ಲ. ಹೊಂದಾಣಿಕೆ ತಪ್ಪಿರುವುದು, ಬಿಲ್ಲೆಗೆ ತುಕ್ಕು ಹಿಡಿದಿರುವುದು ಅಥವಾ ವೋಲ್ಟೇಜ್ ಕಡಿಮೆ ಇರುವುದು ಕಾರಣವಾಗಬಹುದು.
• ಕ್ಷೀಣ ಅಥವಾ ಕರ್ಕಶ ಧ್ವನಿ: ಮಂಡಲದಲ್ಲಿ ಹೆಚ್ಚಿನ ರೋಧ, ಹಾರ್ನಿನಲ್ಲಿ ನೀರು, ಅಥವಾ ಹಾರ್ನಿನ ಅಂಚು ವಾಹನದ ಮೈಗೆ ತಾಗುತ್ತಿರುವುದು.
• ಚಕ್ರದ ಕೆಲವು ಸ್ಥಾನಗಳಲ್ಲಿ ಮಾತ್ರ ಮೊಳಗುವುದು: ಸಂಪರ್ಕ ಉಂಗುರದ ಸವೆತ ಅಥವಾ ಸ್ಟಿಯರಿಂಗ್ ಕಂಬದಲ್ಲಿನ ಸಡಿಲ ತಂತಿ.
• ತಾನಾಗಿ ಮೊಳಗುವುದು: ಹೊದಿಕೆ ಸವೆದ ತಂತಿ ಸ್ಟಿಯರಿಂಗ್ ಕಂಬಕ್ಕೆ ತಗುಲುವುದು, ಅಥವಾ ಗುಂಡಿಯ ಸ್ಪ್ರಿಂಗ್ ಇಲ್ಲವೇ ರಬ್ಬರ್ ಕುಸಿದಿರುವುದು.
• ಫ್ಯೂಸ್ ಪದೇ ಪದೇ ಸುಡುವುದು: ಪೂರೈಕೆ ಭಾಗದಲ್ಲಿ ಶಾರ್ಟ್, ಅಥವಾ ಅದೇ ಫ್ಯೂಸಿಗೆ ಸೇರಿದ ಬೇರೊಂದು ಸಾಧನದ ದೋಷ.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್, 12 ವೋಲ್ಟ್‌ನ ಪರೀಕ್ಷಾ ದೀಪ, ಎರಡೂ ತುದಿಗಳಲ್ಲಿ ಕ್ಲಿಪ್ ಇರುವ ಒಂದು ತಂತಿ ಮತ್ತು ಗುಂಡಿಯನ್ನು ಒತ್ತಲು ಇನ್ನೊಬ್ಬರ ನೆರವು ಸಾಕಾಗುತ್ತದೆ. ಕೆಳಗಿನ ಕ್ರಮವು 12 ವೋಲ್ಟ್‌ನ, ಎರಡು ತುದಿಗಳ ಹಾರ್ನ್ ಇರುವ, ಗುಂಡಿಯು ಅರ್ತನ್ನು ಕೂಡಿಸುವ ವಾಹನಗಳಿಗೆ ಸಂಬಂಧಿಸಿದೆ.

1. ಬ್ಯಾಟರಿ. ಎಂಜಿನ್ ನಿಂತಿರುವಾಗ ಪೂರ್ಣ ಚಾರ್ಜ್ ಆಗಿರುವ ಬ್ಯಾಟರಿಯ ವೋಲ್ಟೇಜ್ ಸುಮಾರು 12.6 ಇರುತ್ತದೆ. ಇದಕ್ಕಿಂತ ಬಹಳ ಕಡಿಮೆ ಇದ್ದರೆ ಮುಂದಿನ ಅಳತೆಗಳು ದಾರಿತಪ್ಪಿಸುತ್ತವೆ.

2. ಫ್ಯೂಸ್. ಆ ಕಾಲದ ಯುರೋಪಿನ ವಾಹನಗಳಲ್ಲಿ ಮೊನಚು ತುದಿಗಳ ಫ್ಯೂಸ್‌ಗಳಿದ್ದು, ಬಿಳಿ ಬಣ್ಣದ್ದು 8 ಆಂಪಿಯರ್, ಕೆಂಪು ಬಣ್ಣದ್ದು 16 ಆಂಪಿಯರ್ ಆಗಿರುತ್ತದೆ. ಫ್ಯೂಸ್ ಸುಡದಿದ್ದರೂ ಅದರ ತುದಿಗಳ ಮೇಲೆ ಕಿಲುಬು ಕಟ್ಟಿ ಸಂಪರ್ಕ ತಪ್ಪುವುದು ಸಾಮಾನ್ಯ. ಫ್ಯೂಸನ್ನು ಅದರ ಹಿಡಿಕೆಯಲ್ಲೇ ಕೆಲವು ಬಾರಿ ತಿರುಗಿಸಿದಾಗ ಹಾರ್ನ್ ಮೊಳಗಿದರೆ, ಹಿಡಿಕೆ ಮತ್ತು ತುದಿಗಳನ್ನು ಸ್ವಚ್ಛಗೊಳಿಸುವುದರಿಂದ ದೋಷ ನಿವಾರಣೆಯಾಗುತ್ತದೆ. ಅದೇ ಫ್ಯೂಸಿನಿಂದ ವಿದ್ಯುತ್ತು ಪಡೆಯುವ ಇತರ ಸಾಧನಗಳು ಕೆಲಸ ಮಾಡುತ್ತಿದ್ದರೆ, ಫ್ಯೂಸಿನವರೆಗಿನ ದಾರಿ ಸರಿಯಾಗಿದೆ ಎಂದು ತಿಳಿಯಬಹುದು.

3. ಹಾರ್ನಿನ ಪೂರೈಕೆ ತುದಿ. ಇಗ್ನಿಷನ್ ಚಾಲೂ ಮಾಡಿ, ಗುಂಡಿಯನ್ನು ಒತ್ತದೆ, ಪೂರೈಕೆ ತುದಿ ಮತ್ತು ವಾಹನದ ಬರಿ ಲೋಹದ ನಡುವೆ ಅಳೆಯಲಾಗುತ್ತದೆ. ಬ್ಯಾಟರಿಗೆ ಸಮೀಪದ ವೋಲ್ಟೇಜ್ ಬರಬೇಕು. ಏನೂ ಬಾರದಿದ್ದರೆ ದೋಷವು ಫ್ಯೂಸ್ ಮತ್ತು ಹಾರ್ನಿನ ನಡುವಿನ ತಂತಿಯಲ್ಲಿದೆ.

4. ಹಾರ್ನಿನ ಎರಡನೆಯ ತುದಿ. ಗುಂಡಿಯನ್ನು ಒತ್ತದಿರುವಾಗ ಇಲ್ಲಿಯೂ ಅಷ್ಟೇ ವೋಲ್ಟೇಜ್ ಕಾಣಬೇಕು. ಪೂರೈಕೆ ತುದಿಯಲ್ಲಿ ವೋಲ್ಟೇಜ್ ಇದ್ದು ಇಲ್ಲಿ ಸೊನ್ನೆ ಬಂದರೆ, ಹಾರ್ನಿನೊಳಗಿನ ಸುರುಳಿ ಕಡಿದಿದೆ ಅಥವಾ ಸಂಪರ್ಕ ಬಿಂದುಗಳು ಕೂಡುತ್ತಿಲ್ಲ.

5. ಗುಂಡಿ ಒತ್ತಿದಾಗ. ಎರಡನೆಯ ತುದಿಯ ವೋಲ್ಟೇಜ್ ಸೊನ್ನೆಯ ಸಮೀಪಕ್ಕೆ ಇಳಿಯಬೇಕು. 12ರಲ್ಲೇ ಉಳಿದರೆ ಮರಳುವ ದಾರಿ ಕಡಿದಿದೆ. 3 ಅಥವಾ 4 ವೋಲ್ಟ್‌ನಲ್ಲಿ ನಿಂತರೆ ದಾರಿ ಇದೆ, ಆದರೆ ಅದರಲ್ಲಿ ರೋಧ ಹೆಚ್ಚಿದೆ. ಸೊನ್ನೆಗೆ ಇಳಿದು, ಅದೇ ಹೊತ್ತಿನಲ್ಲಿ ಪೂರೈಕೆ ತುದಿಯಲ್ಲಿ 12 ವೋಲ್ಟ್ ಉಳಿದಿದ್ದರೂ ಹಾರ್ನ್ ಮೊಳಗದಿದ್ದರೆ ದೋಷ ಹಾರ್ನಿನಲ್ಲಿದೆ.

6. ನೇರ ಅರ್ತ್. ಹಾರ್ನಿನ ಎರಡನೆಯ ತುದಿಯನ್ನು ಕ್ಲಿಪ್ ತಂತಿಯಿಂದ ವಾಹನದ ಬರಿ ಲೋಹಕ್ಕೆ ಜೋಡಿಸಿದಾಗ ಹಾರ್ನ್ ಸ್ಪಷ್ಟವಾಗಿ ಮೊಳಗಿದರೆ, ಹಾರ್ನೂ ಪೂರೈಕೆಯೂ ಸರಿಯಾಗಿವೆ ಎಂಬುದು ಖಚಿತವಾಗುತ್ತದೆ. ಉಳಿದದ್ದು ಗುಂಡಿ ಮತ್ತು ಸ್ಟಿಯರಿಂಗ್ ಕಂಬದ ಭಾಗ ಮಾತ್ರ. ಈ ತಂತಿಯನ್ನು ಪೂರೈಕೆ ತುದಿಗೆ ತಗುಲಿಸಿದರೆ ಶಾರ್ಟ್ ಆಗುವುದರಿಂದ, ಯಾವ ತುದಿ ಯಾವುದೆಂದು ಮೊದಲೇ ಗುರುತಿಸಿಕೊಂಡಿರಬೇಕು.

ವೋಲ್ಟೇಜ್ ಇದ್ದರೂ ಮೊಳಗದ ಹಾರ್ನ್

ಮೀಟರಿನಲ್ಲಿ 12 ವೋಲ್ಟ್ ಕಂಡ ಮಾತ್ರಕ್ಕೆ ತಂತಿ ಸರಿಯಾಗಿದೆ ಎಂದು ತೀರ್ಮಾನಿಸುವುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಡಿಜಿಟಲ್ ಮೀಟರ್ ಅತ್ಯಲ್ಪ ವಿದ್ಯುತ್ತನ್ನು ಮಾತ್ರ ಸೆಳೆಯುವುದರಿಂದ, ಒಂದೇ ಎಳೆ ಉಳಿದಿರುವ ತಂತಿಯೂ ಅದಕ್ಕೆ ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ.

ಕಿಲುಬು ಕಟ್ಟಿದ ಜೋಡಣೆಯೊಂದರಲ್ಲಿ 2 ಓಮ್ ರೋಧವಿದೆ ಎಂದು ಭಾವಿಸಬಹುದು. 5 ವಾಟ್‌ನ ಪರೀಕ್ಷಾ ದೀಪ ಸುಮಾರು 0.4 ಆಂಪಿಯರ್ ಸೆಳೆಯುವುದರಿಂದ ಆ ಜೋಡಣೆಯಲ್ಲಿ 0.8 ವೋಲ್ಟ್ ಮಾತ್ರ ನಷ್ಟವಾಗುತ್ತದೆ ಮತ್ತು ದೀಪ ಪ್ರಕಾಶಮಾನವಾಗಿಯೇ ಉರಿಯುತ್ತದೆ. ಅದೇ ಜೋಡಣೆಯ ಮೂಲಕ 3 ಆಂಪಿಯರ್ ಹರಿಯಬೇಕಾದರೆ 6 ವೋಲ್ಟ್ ಅಲ್ಲಿಯೇ ವ್ಯಯವಾಗುತ್ತದೆ; ಹಾರ್ನಿಗೆ ಉಳಿಯುವುದು ಅರ್ಧ ಮಾತ್ರ. ಆದ್ದರಿಂದ ಹಾರ್ನನ್ನು ಮೊಳಗಿಸಲು ಪ್ರಯತ್ನಿಸುತ್ತಿರುವಾಗಲೇ, ಅಂದರೆ ಗುಂಡಿ ಒತ್ತಿರುವಾಗಲೇ, ಅಳೆಯುವುದು ಮುಖ್ಯ. ಬ್ಯಾಟರಿಯ ಧನ ತುದಿಯಿಂದ ಹಾರ್ನಿನವರೆಗೆ ಹಾಗೂ ಹಾರ್ನಿನಿಂದ ಬ್ಯಾಟರಿಯ ಋಣ ತುದಿಯವರೆಗೆ ಪ್ರತ್ಯೇಕವಾಗಿ ಅಳೆದರೆ, ನಷ್ಟವು ಯಾವ ಭಾಗದಲ್ಲಿ ಆಗುತ್ತಿದೆ ಎಂಬುದು ತಿಳಿಯುತ್ತದೆ. ಅನಂತರ ಒಂದೊಂದೇ ಜೋಡಣೆಯ ಎರಡು ಬದಿಗಳಲ್ಲಿ ಅಳೆಯುತ್ತ ಹೋದಾಗ ದೋಷದ ಸ್ಥಳ ಸಿಗುತ್ತದೆ.

1960ರ ದಶಕದ ಮಧ್ಯಭಾಗದವರೆಗಿನ ವ್ಯಾನುಗಳಲ್ಲಿ ಸಾಮಾನ್ಯವಾಗಿದ್ದ 6 ವೋಲ್ಟ್ ವ್ಯವಸ್ಥೆಯಲ್ಲಿ ಈ ಸಮಸ್ಯೆ ಇನ್ನೂ ತೀವ್ರ. 24 ವಾಟ್‌ನ ಸಾಧನ 12 ವೋಲ್ಟ್‌ನಲ್ಲಿ 2 ಆಂಪಿಯರ್ ಸೆಳೆದರೆ 6 ವೋಲ್ಟ್‌ನಲ್ಲಿ 4 ಆಂಪಿಯರ್ ಸೆಳೆಯುತ್ತದೆ. ದಾರಿಯಲ್ಲಿ 0.3 ಓಮ್ ರೋಧವಿದ್ದು, ಅಷ್ಟೇ ವಿದ್ಯುತ್ತು ಹರಿದರೆ ಮೊದಲನೆಯದರಲ್ಲಿ 0.6 ವೋಲ್ಟ್, ಅಂದರೆ ಶೇ. 5ರಷ್ಟು ನಷ್ಟ, ಎರಡನೆಯದರಲ್ಲಿ 1.2 ವೋಲ್ಟ್, ಅಂದರೆ ಶೇ. 20ರಷ್ಟು ನಷ್ಟ. 12 ವೋಲ್ಟ್‌ನಲ್ಲಿ ಗಮನಕ್ಕೂ ಬಾರದ ಕಿಲುಬು 6 ವೋಲ್ಟ್‌ನ ಹಾರ್ನನ್ನು ಗೊಗ್ಗರುಗೊಳಿಸುವುದು ಇದೇ ಕಾರಣದಿಂದ.

ಸ್ಟಿಯರಿಂಗ್ ಭಾಗದ ದೋಷಗಳು

ತಿರುಗುವ ಚಕ್ರದ ಮೇಲಿರುವ ಗುಂಡಿಗೆ ಸಂಪರ್ಕ ಕಲ್ಪಿಸುವುದು ಈ ಮಂಡಲದ ಅತ್ಯಂತ ಸೂಕ್ಷ್ಮ ಭಾಗ. ಕೆಲವು ವಾಹನಗಳಲ್ಲಿ ತಂತಿಯು ಟೊಳ್ಳಾದ ಸ್ಟಿಯರಿಂಗ್ ದಂಡದ ಒಳಗೆ ಹಾದು ಮೇಲೆ ಬರುತ್ತದೆ. ಇನ್ನು ಕೆಲವುಗಳಲ್ಲಿ ಚಕ್ರದ ಕೆಳಗಿನ ಹಿತ್ತಾಳೆಯ ಉಂಗುರವನ್ನು ಒಂದು ಸ್ಪ್ರಿಂಗ್ ಕಡ್ಡಿ ಸದಾ ಒತ್ತಿಕೊಂಡಿರುತ್ತದೆ. ಉಂಗುರದ ಮೇಲಿನ ಹಳೆಯ ಗ್ರೀಸ್ ಗಟ್ಟಿಯಾಗಿ ಸಂಪರ್ಕವನ್ನು ತಡೆಯಬಹುದು. ಕಡ್ಡಿ ಸವೆಯಬಹುದು ಅಥವಾ ಬಾಗಬಹುದು.

ಗುಂಡಿಯನ್ನು ಒತ್ತಿದಾಗ ವಿದ್ಯುತ್ತು ಸ್ಟಿಯರಿಂಗ್ ದಂಡಕ್ಕೆ ಇಳಿದು, ದಂಡದ ಮೂಲಕ ಸ್ಟಿಯರಿಂಗ್ ಗೇರ್ ಪೆಟ್ಟಿಗೆಗೆ, ಅಲ್ಲಿಂದ ವಾಹನದ ಮೈಗೆ ತಲುಪುವ ವಿನ್ಯಾಸಗಳಲ್ಲಿ ಮತ್ತೊಂದು ತೊಡಕಿದೆ. ದಂಡ ಮತ್ತು ಗೇರ್ ಪೆಟ್ಟಿಗೆಯ ನಡುವೆ ರಸ್ತೆಯ ಅದುರನ್ನು ತಗ್ಗಿಸಲು ರಬ್ಬರಿನ ಜೋಡಣೆ ಬಿಲ್ಲೆಯನ್ನು ಕೂರಿಸಿರುತ್ತಾರೆ. ರಬ್ಬರು ವಿದ್ಯುತ್ತನ್ನು ಹಾಯಿಸುವುದಿಲ್ಲವಾದ್ದರಿಂದ ಅದನ್ನು ದಾಟಿಸಲು ಚಿಕ್ಕದೊಂದು ಅರ್ತ್ ತಂತಿ ಅಥವಾ ಲೋಹದ ಪಟ್ಟಿ ಇರುತ್ತದೆ. ಬಿಲ್ಲೆಯನ್ನು ಬದಲಾಯಿಸಿದವರು ಈ ತಂತಿಯನ್ನು ಮರುಜೋಡಿಸದೆ ಬಿಟ್ಟರೆ, ಸ್ಟಿಯರಿಂಗ್ ದುರಸ್ತಿಯಾದ ದಿನದಿಂದಲೇ ಹಾರ್ನ್ ನಿಲ್ಲುತ್ತದೆ. ತಂತಿ ಕಡಿದಾಗ ವಿದ್ಯುತ್ತು ಬೇರಿಂಗ್‌ಗಳಂತಹ ಅನಿಶ್ಚಿತ ದಾರಿಗಳ ಮೂಲಕ ಹರಿಯುವುದರಿಂದ ಹಾರ್ನ್ ಒಮ್ಮೆ ಮೊಳಗಿ ಒಮ್ಮೆ ಸುಮ್ಮನಾಗುವುದೂ ಉಂಟು.

ಈ ಪರೀಕ್ಷೆಯ ವೇಳೆ ಜೋಡಣೆ ಬಿಲ್ಲೆಯನ್ನೂ ಗಮನಿಸಬೇಕು. ರಬ್ಬರು ಬಿರುಕುಬಿಟ್ಟಿದ್ದರೆ ಅಥವಾ ಬೋಲ್ಟ್‌ಗಳು ಸಡಿಲವಾಗಿದ್ದರೆ ಅದು ಹಾರ್ನಿನ ಸಮಸ್ಯೆಯಾಗಿ ಉಳಿಯುವುದಿಲ್ಲ. ವಾಹನದ ದಿಕ್ಕನ್ನು ನಿಯಂತ್ರಿಸುವ ಭಾಗದ ದೋಷವಾಗುತ್ತದೆ. ಹೊಸ ತಂತಿಯೊಂದನ್ನು ಸೇರಿಸಿ ಹಾರ್ನನ್ನು ಮೊಳಗಿಸಿದ ಮಾತ್ರಕ್ಕೆ ಅಂತಹ ವಾಹನ ಓಡಾಟಕ್ಕೆ ಯೋಗ್ಯವಾಗದು. ಬಿಲ್ಲೆಯನ್ನು ಬದಲಾಯಿಸುವುದು ಅನಿವಾರ್ಯ.

ಮೂಲ ಚಕ್ರವನ್ನು ತೆಗೆದು ಬೇರೆ ಸ್ಟಿಯರಿಂಗ್ ಚಕ್ರವನ್ನು ಜೋಡಿಸಿದ ವಾಹನಗಳಲ್ಲಿ ಉಂಗುರ ಮತ್ತು ಕಡ್ಡಿಯ ಅಳತೆ ಹೊಂದದೆ ಹಾರ್ನ್ ನಿಲ್ಲುವುದೂ ಇದೆ.

ಹಾರ್ನಿನ ದುರಸ್ತಿ

ಹಾರ್ನ್ ಮುಂಚಕ್ರಗಳ ಸಮೀಪದಲ್ಲಿ ನೀರು, ಕೆಸರು ಮತ್ತು ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪಿಗೆ ಒಡ್ಡಿಕೊಂಡಿರುತ್ತದೆ. ಕ್ಯಾಂಪರ್ ವ್ಯಾನುಗಳು ತಿಂಗಳುಗಟ್ಟಲೆ ಓಡದೆ ನಿಲ್ಲುವುದರಿಂದ ತೇವ ಆರದೆ ಸಂಪರ್ಕ ಬಿಂದುಗಳು ಕಿಲುಬು ಹಿಡಿಯುತ್ತವೆ. ಹೊಸದಾಗಿ ಬಣ್ಣ ಹೊಡೆದ ವಾಹನಗಳಲ್ಲಿ ಅರ್ತ್ ತಂತಿಗಳ ಕೆಳಗೂ ಬಣ್ಣ ಸೇರಿಕೊಂಡು ಸಂಪರ್ಕ ತಪ್ಪುತ್ತದೆ. ಬಣ್ಣವನ್ನು ಕೆರೆದು ಬರಿ ಲೋಹಕ್ಕೆ ತಂತಿಯನ್ನು ಬಿಗಿದು, ಮೇಲೆ ಗ್ರೀಸ್ ಸವರುವುದು ಇದಕ್ಕೆ ಪರಿಹಾರ.

ಅನೇಕ ಹಾರ್ನ್‌ಗಳ ಹಿಂಬದಿಯಲ್ಲಿ ಅರಗು ಅಥವಾ ಬಣ್ಣದಿಂದ ಮುಚ್ಚಿದ ಒಂದು ಸಣ್ಣ ತಿರುಪು ಇರುತ್ತದೆ. ಸಂಪರ್ಕ ಬಿಂದುಗಳು ಬೇರ್ಪಡುವ ಕ್ಷಣವನ್ನು ಇದು ನಿಯಂತ್ರಿಸುತ್ತದೆ. ಹಾರ್ನನ್ನು ವಾಹನದಿಂದ ಕಳಚಿ, ಅದರ ಲೋಹದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿರಿಸಿ, ಫ್ಯೂಸ್ ಸಹಿತ ತಂತಿಗಳಿಂದ ಬ್ಯಾಟರಿಗೆ ಕ್ಷಣಕಾಲ ಜೋಡಿಸುತ್ತ ತಿರುಪನ್ನು ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸಿ ನೋಡಲಾಗುತ್ತದೆ. ಬಿಂದುಗಳು ಬೇರ್ಪಡದಂತೆ ತಿರುಗಿಸಿದರೆ ಟಿಕ್ ಸದ್ದು ಮಾತ್ರ ಬಂದು ಸುರುಳಿ ಬಿಸಿಯಾಗುತ್ತದೆ. ಮರುಜೋಡಿಸುವಾಗ ಹಾರ್ನಿನ ಬಾಯಿ ಕೆಳಮುಖವಾಗಿರಬೇಕು. ಇಲ್ಲವಾದರೆ ಅದರಲ್ಲಿ ನೀರು ನಿಲ್ಲುತ್ತದೆ. ಸ್ಪ್ರಿಂಗಿನಂತೆ ಬಾಗುವ ಮೂಲ ಪಟ್ಟಿಯ ಬದಲು ಗಡುಸಾದ ಪಟ್ಟಿಯನ್ನು ಬಳಸಿದರೆ ಕಂಪನ ಉಡುಗಿ ಧ್ವನಿ ಕ್ಷೀಣಿಸುತ್ತದೆ.

ರಿಲೇ ಅಳವಡಿಕೆ

ಹೆಚ್ಚು ಶಕ್ತಿಯ ಅಥವಾ ಜೋಡಿ ಹಾರ್ನ್‌ಗಳನ್ನು ಅಳವಡಿಸಿದಾಗ ಹಳೆಯ ಗುಂಡಿ ಮತ್ತು ಉಂಗುರದ ಮೂಲಕ ಪೂರ್ಣ ವಿದ್ಯುತ್ತು ಹರಿಯದಂತೆ ರಿಲೇ ಬಳಸಲಾಗುತ್ತದೆ. ಗುಂಡಿಯು ರಿಲೇಯ ಸುರುಳಿಗೆ ಬೇಕಾದ ಅಲ್ಪ ವಿದ್ಯುತ್ತನ್ನು ಮಾತ್ರ ಕೂಡಿಸುತ್ತದೆ. ಹಾರ್ನಿಗೆ ಬೇಕಾದ ವಿದ್ಯುತ್ತು ಪ್ರತ್ಯೇಕ ಫ್ಯೂಸ್ ಮತ್ತು ದಪ್ಪ ತಂತಿಯ ಮೂಲಕ ಬರುತ್ತದೆ. ಆ ಫ್ಯೂಸ್ ಬ್ಯಾಟರಿಯ ಸಮೀಪದಲ್ಲೇ ಇರಬೇಕು. ಆದರೆ ಮರಳುವ ದಾರಿಯೇ ಕಡಿದಿರುವ ವಾಹನದಲ್ಲಿ ರಿಲೇ ಅಳವಡಿಸುವುದರಿಂದ ಪ್ರಯೋಜನವಿಲ್ಲ. ದೋಷವನ್ನು ಪತ್ತೆ ಮಾಡಿದ ಮೇಲಿನ ಸುಧಾರಣೆಯೇ ಹೊರತು ರಿಲೇ ದೋಷ ಪತ್ತೆಗೆ ಬದಲಿಯಲ್ಲ.

ಸುರಕ್ಷತೆ

ಪದೇ ಪದೇ ಸುಡುವ 8 ಆಂಪಿಯರ್ ಫ್ಯೂಸಿನ ಜಾಗದಲ್ಲಿ 16 ಆಂಪಿಯರ್ ಫ್ಯೂಸನ್ನಾಗಲಿ ಲೋಹದ ಹಾಳೆಯನ್ನಾಗಲಿ ಇಡುವುದು ಅಪಾಯಕಾರಿ. ಆಗ ಫ್ಯೂಸಿನ ಬದಲು ತಂತಿಯೇ ಕಾದು ಹೊದಿಕೆ ಕರಗುತ್ತದೆ. ಮರದ ಕಪಾಟು, ಹಾಸಿಗೆ, ಪರದೆ ಮತ್ತು ಅಡುಗೆ ಅನಿಲದ ಸಿಲಿಂಡರ್ ಇರುವ ಕ್ಯಾಂಪರ್ ವ್ಯಾನಿನಲ್ಲಿ ಇದರಿಂದ ಹೊತ್ತಿಕೊಳ್ಳುವ ಬೆಂಕಿ ಸಾಮಾನ್ಯ ಕಾರಿಗಿಂತ ಹೆಚ್ಚು ಅನಾಹುತಕಾರಿ.

ಹಾರ್ನ್ ತಾನಾಗಿ ಮೊಳಗತೊಡಗಿದರೆ ಇಗ್ನಿಷನ್ ಆರಿಸಿ, ಹಾರ್ನಿನ ತಂತಿಗಳನ್ನು ಕಳಚಿ, ಅವುಗಳ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತುವುದು ತಾತ್ಕಾಲಿಕ ಪರಿಹಾರ. ಫ್ಯೂಸನ್ನೇ ತೆಗೆದರೆ ಅದೇ ಫ್ಯೂಸಿಗೆ ಸೇರಿದ ಇತರ ಅಗತ್ಯ ಸಾಧನಗಳೂ ನಿಲ್ಲಬಹುದು. ಸ್ಟಿಯರಿಂಗ್ ಚಕ್ರವನ್ನು ಕಳಚುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಡಿಸಬೇಕು. ಏರ್‌ಬ್ಯಾಗ್ ಇರುವ ನಂತರದ ವರ್ಷಗಳ ವ್ಯಾನುಗಳಲ್ಲಿ ಚಕ್ರದ ಮಧ್ಯಭಾಗವನ್ನು ತರಬೇತಿ ಪಡೆದವರಷ್ಟೇ ಬಿಚ್ಚಬೇಕು.

ಕಾನೂನು

ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 28ನೆಯ ವಿನಿಯಮವು ವಾಹನಗಳ ಶ್ರವ್ಯ ಎಚ್ಚರಿಕೆ ಸಾಧನಗಳಿಗೆ ಸಂಬಂಧಿಸಿದೆ. ಜರ್ಮನಿಯಲ್ಲಿ ರಸ್ತೆ ವಾಹನ ಪರವಾನಗಿ ನಿಯಮಗಳ 55ನೆಯ ವಿಧಿಯು ಹಾರ್ನನ್ನು ಕಡ್ಡಾಯಗೊಳಿಸುತ್ತದೆ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಹಾರ್ನಿನ ಪರೀಕ್ಷೆಯೂ ಸೇರಿದೆ. ಆದರೆ 2018ರ ಮೇ ತಿಂಗಳಿನಿಂದ ಅಲ್ಲಿ, ಗಣನೀಯವಾಗಿ ಮಾರ್ಪಡಿಸದ 40 ವರ್ಷಕ್ಕಿಂತ ಹಳೆಯ ಹೆಚ್ಚಿನ ಖಾಸಗಿ ವಾಹನಗಳಿಗೆ ಈ ತಪಾಸಣೆಯಿಂದ ವಿನಾಯಿತಿ ನೀಡಲಾಗಿದೆ. ವಿನಾಯಿತಿ ಇದ್ದರೂ ವಾಹನವನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾಲೀಕರದ್ದೇ ಆಗಿರುತ್ತದೆ. ವಿನಾಯಿತಿ ಪಡೆದ ಹಳೆಯ ಕ್ಯಾಂಪರ್ ವ್ಯಾನುಗಳ ಹಾರ್ನನ್ನು ಪ್ರತಿವರ್ಷ ತಪ್ಪದೆ ಪರೀಕ್ಷಿಸುವವರು ಬೇರಾರೂ ಇಲ್ಲದಿರುವುದರಿಂದ, ದೀರ್ಘಕಾಲ ನಿಲ್ಲಿಸಿದ ವಾಹನವನ್ನು ಮತ್ತೆ ರಸ್ತೆಗಿಳಿಸುವ ಮುನ್ನ ದೀಪ ಮತ್ತು ಬ್ರೇಕ್‌ಗಳ ಜೊತೆಗೆ ಹಾರ್ನನ್ನೂ, ಸ್ಟಿಯರಿಂಗ್ ಚಕ್ರವನ್ನು ಎರಡೂ ದಿಕ್ಕಿಗೆ ಪೂರ್ಣವಾಗಿ ತಿರುಗಿಸಿ, ಪರೀಕ್ಷಿಸುವುದು ಸೂಕ್ತ.